ನೋ ಅಂದಿದ್ದರೆ

"ಆರ್ ದೇ ಸ್ಯಾಟಿಸ್ಫೈಡ್?" ಶಿವರಾಮ ಸರ್ ಎರಡನೇ ಸಲ ಕೇಳಿದರು. ಕಾರ್ಖಾನೆಯ ಆ ಹೆಂಗಸರಿಗೆ ತಮ್ಮ ಕೆಲಸ ತೃಪ್ತಿ ಕೊಟ್ಟಿದೆಯಾ ಅನ್ನುವುದಷ್ಟೇ ಪ್ರಶ್ನೆ. ಸ್ಲೈಡಿನ ಪರದೆಯ ಪಕ್ಕ ನಿಂತಿದ್ದ ದಿವ್ಯಶ್ರೀ ಕೈಯಲ್ಲಿದ್ದ ಚೀಟಿಯನ್ನು ತಿರುವಿ ನೋಡಿದಳು.

ಸೆಮಿನಾರಿನ ಹತ್ತು ನಿಮಿಷದ ಇಂಗ್ಲಿಷನ್ನು ಅಂತೂ ಇಂತೂ ದಡ ಮುಟ್ಟಿಸಿದ್ದಳು, ಪಾಪ. ಭದ್ರಾವತಿಯಿಂದ ಶಂಕರಘಟ್ಟದ ಯೂನಿವರ್ಸಿಟಿಗೆ ಬರುವ ಬಸ್ಸಿನಲ್ಲಿ ತಿಂಗಳುಗಟ್ಟಲೆ ಗೊಣಗಿದ್ದೇ ಗೊಣಗಿದ್ದು, ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು. ಹೋದ ಸಲ ಅರ್ಧಕ್ಕೇ ಅಳುತ್ತಾ ಇಳಿದುಬಂದವಳು ಅವಳು.

ವಿಷಯ ಮಾಚೇನಹಳ್ಳಿಯ ಎರಕದ ಕಾರ್ಖಾನೆಯೊಂದರ ಕೆಲಸದ ಹೆಂಗಸರದ್ದು. ಅವರಲ್ಲಿ ಅವಳಮ್ಮ ಸಣ್ಣಮ್ಮನೂ ಒಬ್ಬಳು. ಊಟದ ಹೊತ್ತಿನಲ್ಲಿ ಒಂಬತ್ತು ಜನರನ್ನು ಕೂರಿಸಿ ಮಗಳ ಜೊತೆ ಮಾತಾಡಿಸಿದ್ದಳು. ದಿನವಿಡೀ ನಿಂತೇ ಇರಬೇಕು, ಒಂದಕ್ಕೆ ಹೋಗಬೇಕಾದರೂ ಸೂಪರ್‌ವೈಸರ್ ಹತ್ತಿರ ಹಲ್ಲು ಗಿಂಜಬೇಕು, ಅದಕ್ಕೇ ನೀರು ಕುಡಿಯುವುದನ್ನೇ ಬಿಟ್ಟಿದ್ದೇವೆ ಅಂತ ಎಲ್ಲರೂ ತೋಡಿಕೊಂಡಿದ್ದರು. ದೊಡ್ಡವರ ಮುಂದೆ ಮರೆಯದೆ ಹೇಳು ಅಂದಿದ್ದರು. ಅದನ್ನೆಲ್ಲ ಇಂಗ್ಲಿಷಿಗೆ ತರಲಾಗದೆ ಸ್ಲೈಡಿನಲ್ಲಿ 'ಸಮ್ ಪ್ರಾಬ್ಲಮ್ಸ್' ಅಂತ ಹಾಕಿದ್ದಳು. ಯಾರಾದರೂ ಕೇಳಿದರೆ ಹೇಳಿದರಾಯಿತು ಅಂದುಕೊಂಡಿದ್ದಳು.

ಈಗ ಕೇಳಿದ್ದರು. ನೋ ಅನ್ನುವುದೇನು ಮಹಾ? ಆದರೆ ನೋ ಅಂದರೆ ಹಿಂದೆಯೇ 'ವೈ' ಬರುತ್ತದೆ. ಅದಕ್ಕೆ ಬಾಯಿಪಾಠ ಆಗಿರಲಿಲ್ಲ. ಕನ್ನಡದಲ್ಲಿ ಹೇಳಿದರೆ ಅಂಕ ಹೋಯಿತು. ಅವಳಿಗೂ ಸಾಕಾಗಿಹೋಗಿತ್ತು, ಒಮ್ಮೆ ಹೋಗಿ ಕೂತರೆ ಸಾಕಿತ್ತು.

"ಯೆಸ್ ಸರ್. ಫುಲ್ಲಿ ಸ್ಯಾಟಿಸ್ಫೈಡ್," ಅಂದಳು, ಗಟ್ಟಿಯಾಗಿ, ತಡವರಿಸದೆ.

ಚಪ್ಪಾಳೆ ಬಿತ್ತು. ಈ ಹುಡುಗಿ ಎಷ್ಟು ಸುಧಾರಿಸಿದಳು ನೋಡಿ ಅಂತ ಸರ್ ಎಲ್ಲರ ಮುಂದೆ ಹೊಗಳಿ, ಕಾನ್ಫಿಡೆನ್ಸಿಗೆ ಐದಕ್ಕೆ ಐದು ಹಾಕಿದರು.

ಸಂಜೆ ಮನೆಗೆ ಬಂದರೆ ಸಣ್ಣಮ್ಮ ಊದಿದ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಕೂತಿದ್ದಳು. ಈ ಸಲ ಅಳಲಿಲ್ಲ ತಾನೇ ಅಂತ ಕೇಳಿದಳು. ಇಲ್ಲ, ಚಪ್ಪಾಳೆ ತಟ್ಟಿದರು ಅಂದದ್ದಕ್ಕೆ ಅವಳ ಮುಖ ಅರಳಿತು.

"ನಮ್ ವಿಷ್ಯ ಏನಂದೆ? ಇಂಗ್ಲಿಷಲ್ಲೇ ಹೇಳು ಮಾರಾಯ್ತಿ, ಕೇಳ್ತೀನಿ."

ಬೇರೆ ಏನಾದರೂ ಹೇಳಿ ಜಾರಿಕೊಳ್ಳೋಣವೆಂದರೆ ಇನ್ನೊಂದು ಇಂಗ್ಲಿಷ್ ವಾಕ್ಯ ದಿವ್ಯಶ್ರೀಯ ಬಾಯಿಗೆ ಬರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದಳು. ಕೊನೆಗೆ ಆ 'ಫುಲ್ಲಿ ಸ್ಯಾಟಿಸ್ಫೈಡ್' ಅನ್ನೇ ಹೇಳಿದಳು.

ಸಣ್ಣಮ್ಮನಿಗೆ ಮೊದಲ ಪದ ಮಾತ್ರ ಗೊತ್ತಾಯಿತು.

"ಫುಲ್ಲು ಹೇಳ್ಬಿಟ್ಯಾ? ಒಂದೂ ಬಿಡ್ದೆ?"

ನಾಳೆ ಊಟಕ್ಕೆ ಕೂತಾಗ ಜೊತೆಯವರಿಗೂ ಹೇಳಬೇಕು, ಇನ್ನೊಂದ್ಸಲ ಹೇಳು ಅಂದಳು. ಮಗಳು ಹೇಳಿಕೊಟ್ಟಳು. ಸಣ್ಣಮ್ಮ ನೀರಿನಲ್ಲಿ ಕಾಲು ಉಜ್ಜಿಕೊಳ್ಳುತ್ತಾ, ಮರೆತುಹೋಗದ ಹಾಗೆ, ಮೆಲ್ಲಗೆ ಅದನ್ನೇ ಬಾಯಿಪಾಠ ಮಾಡತೊಡಗಿದಳು.