ಅಕ್ಕನ ಮೂಗು ಕೊಟ್ಟ ಸರ್ಟಿಫಿಕೇಟ್

ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುವ ಆ ಹುಡುಗನಿಗೆ ಮನೆಮಂದಿಯೆಲ್ಲ ಸೇರಿ ಇಟ್ಟ ಹೆಸರು ‘ಡೈಲಾಗ್’. ಮನೆಮಂದಿಯೆಲ್ಲ ಅಂದರೆ ಅಕ್ಕ ಒಬ್ಬಳೇ.

ಇದ್ದ ಒಂದೇ ಕೋಣೆಯಲ್ಲಿ ಕೂತು ಅಕ್ಕ ಚಪ್ಪಲಿ ಅಟ್ಟೆಗಳಿಗೆ ಅಂಟು ಬಳಿಯುತ್ತಿದ್ದಳು. ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ವಾಸನೆ ವಿಲನ್ ಥರ ಬಾಗಿಲು ಒದ್ದುಕೊಂಡು ಎಂಟ್ರಿ ಕೊಡುತ್ತಿತ್ತು. ಕಣ್ಣುರಿ, ತಲೆ ಗಿರ್ರ್. ಈಚೆಗೆ ಉಸಿರೂ ಸಿಕ್ಕಿಕೊಳ್ಳತೊಡಗಿತ್ತು.

“ಈ ಗಾಳಿ ಹೊರಗೆ ಹೋಗ್ಲಿಲ್ಲ ಅಂದ್ರೆ ನಿಮ್ಮಕ್ಕನ ಎದೆ ಉಳಿಯಲ್ಲ,” ಎಂದರು ಡಾಕ್ಟರು.

ಡೈಲಾಗ್ ಟಾಕೀಸಿನ ಗುಜರಿಯಿಂದ ಒಂದು ಹಳೇ ಎಕ್ಸಾಸ್ಟ್ ಫ್ಯಾನ್ ಹೊತ್ತು ತಂದ. ಹಿಂದಿನ ಗೋಡೆಯ ಕಿಂಡಿಗೆ ಅದನ್ನು ಕೂರಿಸಿ, ಸ್ಟೂಲಿನ ಮೇಲಿಂದಲೇ ಗುಡುಗಿದ: “ನಾನಿರೋ ತನಕ ನನ್ನಕ್ಕನ ಉಸಿರು ಮುಟ್ಟೋ ಗಂಡು ಇನ್ನೂ ಹುಟ್ಟಿಲ್ಲ!”

“ಇಳಿಯೋ ಮಾರಾಯ, ಸ್ಟೂಲ್ ಮುರಿದೀತು.”

ಫ್ಯಾನ್ ಲಾರಿಯಂತೆ ಗರಗರ ಎಂದಿತು. ಅಕ್ಕ ಮೂಗರಳಿಸಿ ಉಸಿರೆಳೆದಳು. “ವಾಸನೆನೇ ಇಲ್ಲ ಕಣೋ!”

ಅಂದಿನಿಂದ ಅವನ ಕಾಲರ್ ಇಳಿಯಲಿಲ್ಲ. ಆದರೆ ಕೆಲಸ ಮುಗಿಸಿ ಮನೆಯೊಳಗೆ ಕಾಲಿಟ್ಟಾಗಲೆಲ್ಲ ಅಂಟಿನ ವಾಸನೆ ಕೆನ್ನೆಗೆ ಬಾರಿಸಿದಂತೆ ಬಡಿಯುತ್ತಿತ್ತು. ನನ್ನ ಮೂಗೇ ಸರಿ ಇಲ್ಲವೇನೋ ಎಂದುಕೊಂಡ.

ಒಂದು ಸಂಜೆ ಅಕ್ಕ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ಅವನಿಗೆ ಹಳೇ ಚೇಷ್ಟೆ ನೆನಪಾಯಿತು. ದಿನವಿಡೀ ತೊಟ್ಟಿದ್ದ ಸಾಕ್ಸ್ ಕಳಚಿ ಅವಳ ಮೂಗಿಗೆ ಹಿಡಿದ. ಚಿಕ್ಕಂದಿನಲ್ಲಾದರೆ ಪೊರಕೆ ಹಿಡಿದು ಬೀದಿಯುದ್ದ ಅಟ್ಟಿಸಿಕೊಂಡು ಬರುತ್ತಿದ್ದಳು.

ಅಕ್ಕ ಆಳವಾಗಿ ಉಸಿರೆಳೆದು ಮುಗುಳ್ನಕ್ಕಳು. “ಹೂವಾ? ನಂಗ್ಯಾಕೋ ಇದೆಲ್ಲ?”

“ನಾಟಕ ಸಾಕು ಅಕ್ಕ...” ಎಂದು ನಗಲು ಹೋದ.

ಕಣ್ಣು ಬಿಟ್ಟು ಸಾಕ್ಸ್ ನೋಡಿದವಳು ತಲೆ ತಗ್ಗಿಸಿದಳು. “ಫ್ಯಾನ್ ಬರೋಕೆ ಮುಂಚೆನೇ ಮೂಗು ಹೋಗಿತ್ತು ಕಣೋ, ಯಾವ ವಾಸನೆನೂ ಗೊತ್ತಾಗಲ್ಲ. ಸ್ಟೂಲ್ ಮೇಲೆ ನಿಂತಿದ್ದಾಗ ನಿನ್ನ ಮುಖ ನೋಡಬೇಕಿತ್ತು. ಹೆಂಗೆ ಹೇಳ್ಲಿ?”

ಅವನು ಸ್ಟೂಲ್ ಹತ್ತಿ ತಿರುಗುತ್ತಿದ್ದ ರೆಕ್ಕೆಗಳಾಚೆ ಇಣುಕಿದ. ಗೇಣು ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಹೊರಗೆ ತಳ್ಳಿದ ಗಾಳಿಯೆಲ್ಲ ಅಲ್ಲಿಗೆ ಬಡಿದು, ಫ್ಯಾನಿನ ಪಕ್ಕದಲ್ಲೇ ಇದ್ದ ಕಿಟಕಿಯಿಂದ ಮತ್ತೆ ಒಳಗೇ ಬರುತ್ತಿತ್ತು. ಫ್ಯಾನ್ ಹಾಕುವ ಹುಮ್ಮಸ್ಸಿನಲ್ಲಿ ಗೋಡೆಯಾಚೆ ಏನಿದೆಯೆಂದು ಅವನು ನೋಡಿರಲೇ ಇಲ್ಲ.

“ಬಿಟ್ಬಿಡು ಅಕ್ಕ ಈ ಕೆಲಸ.”

“ಬಿಟ್ಟು? ನಿನ್ನ ಡೈಲಾಗ್ ಬೇಯಿಸಿಕೊಂಡು ತಿನ್ನೋಣ್ವಾ?” ಬ್ರಷ್ಷನ್ನು ಅಂಟಿಗೆ ಅದ್ದಿದಳು. “ಮೂಗು ಹೋಗಿದ್ದೇ ಒಳ್ಳೇದಾಯ್ತು. ಈಗ ತಲೆ ಎತ್ತದೇ ಬಳೀತೀನಿ. ಆ ಫ್ಯಾನ್ ಆರಿಸು, ಕಿವಿ ಹೋಗ್ತಿದೆ.”

ಅವನು ಸ್ಟೂಲಿನಿಂದ ಇಳಿದ. ಸ್ವಿಚ್ ಒತ್ತಿದ.

ರೆಕ್ಕೆ ನಿಂತಿತು. ಇಷ್ಟು ದಿನ ಅದರ ಗರಗರದಡಿ ಮುಚ್ಚಿಹೋಗಿದ್ದ ಸದ್ದು ಆಗ ಕೇಳಿಸಿತು: ಒಂದೊಂದು ಉಸಿರಿಗೂ ಅಕ್ಕನ ಎದೆಯೊಳಗೆ ಸುಯ್ ಎನ್ನುವ ತೆಳ್ಳನೆಯ ಸಿಳ್ಳೆ.