ಕೇಶವನ ಬೆನ್ನು

ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ಓಡುತ್ತಿದ್ದ ಕಾರಿನಲ್ಲಿ ಶಿವಲಕ್ಷ್ಮಮ್ಮ ತೊಡೆಯ ಮೇಲೆ ಹಾಲಿನ ಚೊಂಬಿಟ್ಟುಕೊಂಡು, ಅದರ ಬಾಯಿಗೆ ಅಂಗೈ ಮುಚ್ಚಿ ಕೂತಿದ್ದಳು. ಗುಂಡಿ ಬಂದಾಗಲೆಲ್ಲ ಅಳಿಯನಿಗೆ ಮಂಗಳಾರತಿ.

“ಏನು ಅಳಿಯಂದ್ರೇ, ಇದು ಕಾರಾ, ಕಡಲೆಕಾಯಿ ಬಿಡಿಸೋ ಮಿಷನ್ನಾ?”

“ಬೇಗ ಹೋಗಿ ಅಂದೋರೂ ನೀವೇ, ನಿಧಾನ ಅನ್ನೋರೂ ನೀವೇ ಅತ್ತೆ,” ಎಂದ ಜಯಚಂದ್ರ.

“ಬೇಗಾನೂ ಹೋಗಿ, ಹಾಲೂ ಚೆಲ್ಲಬ್ಯಾಡಿ. ಮಗಳ್ನ ಕೊಟ್ಟಿಲ್ವಾ, ಅಷ್ಟು ಮಾಡಾಕಾಗಲ್ವಾ?”

ಅಂದು ನಾಗರ ಪಂಚಮಿ. ಹುತ್ತಕ್ಕೆ ಎರೆದು ಉಳಿದ ಹಾಲನ್ನು ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಬೆನ್ನಿಗೆ ಸವರಿ ತೊಳೆದು, ಬೆನ್ನು ತಣ್ಣಗಿರಲಿ ಎಂದು ಹರಸುವ ಹಬ್ಬ. ಶಿವಲಕ್ಷ್ಮಮ್ಮನಿಗೆ ಇದ್ದವನು ಒಬ್ಬನೇ ಅಣ್ಣ, ಕೇಶವ. ನೌಕಾಪಡೆಯ ಪೈಲಟ್. ಸಮುದ್ರದ ನಡುವೆ ನಿಂತ ಹಡಗಿನ ಮೇಲಿಂದಲೇ ವಿಮಾನ ಹಾರಿಸುತ್ತಿದ್ದ. “ಹಡಗಿನೋರಿಗೆ ವಿಮಾನ ಯಾಕ್ಲಾ, ಮುಳುಗಿದ್ರೆ ಹಾರೋಕಾ?” ಎಂದು ಹಿಂದೂಪುರದ ಬೀದಿಯಲ್ಲಿ ಜನ ಅವನನ್ನು ಕಿಚಾಯಿಸುತ್ತಿದ್ದರು. ಎಪ್ಪತ್ತೊಂದನೇ ಇಸವಿಯಲ್ಲಿ ರಜಕ್ಕೆ ಬಂದವನನ್ನು ಪಂಚಮಿಯ ಮುಂಚಿನ ದಿನವೇ ವಾಪಸು ಕರೆಸಿಕೊಂಡರು. ತಂಗಿ ಮುಖ ಊದಿಸಿಕೊಂಡು ನಿಂತಳು. ಅವನು ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಕೂಗಿದ: “ಅಳಬ್ಯಾಡ ಕಣಮ್ಮಿ, ಮುಂದಿನ ಸಲ ಬಂದಾಗ ಎರಡು ಸಲ ಬೆನ್ನು ತೊಳಿಯೀವಂತೆ!”

ಡಿಸೆಂಬರಿನ ಯುದ್ಧದಲ್ಲಿ ಅವನ ವಿಮಾನ ಸಮುದ್ರದ ಮೇಲೆ ಹೋದದ್ದು ಹಡಗಿಗೆ ಮರಳಲಿಲ್ಲ. ದೇಹವೂ ಸಿಗಲಿಲ್ಲ. ಬಾವಿಗೆ ಹಾರಿದರೆ ಮೀನಿನಂಥವನು, ಈಜಿಕೊಂಡು ಬಂದೇ ಬರುತ್ತಾನೆ ಎಂದು ತಂಗಿ ಬಹಳ ವರ್ಷ ಕಾದಳು. ಫೋಟೋಕ್ಕಾದರೂ ಹಾಲು ಮುಟ್ಟಿಸು ಎಂದವರಿಗೆ, “ಫೋಟೋಕ್ಕೆ ಬೆನ್ನೆಲ್ಲಿಂದ ತರ್ಲಿ?” ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಿದ್ದಳು.

ಅದಕ್ಕೇ ಮಗಳು ವಾಣಿಶ್ರೀ ಹಿಂದೂಪುರದವರನ್ನೆಲ್ಲ ಸೇರಿಸಿಕೊಂಡು, ಸೋದರಮಾವನ ಪ್ರತಿಮೆ ನಿಲ್ಲಿಸುತ್ತೇವೆ ಎಂದಾಗ ಮುದುಕಿ ಕೇಳಿದ್ದು ಒಂದೇ ಮಾತು: “ಬೆನ್ನಿರ್ತದೇನೇ?”

“ಪ್ರತಿಮೆ ಅಂದ್ಮೇಲೆ ಇರದೆ ಇರ್ತದಾ?” ಎಂದು ಮಗಳು ನಕ್ಕಿದ್ದಳು.

ಪೆನುಕೊಂಡದ ಹತ್ತಿರ ಹೊಸ ಕಾರುಗಳನ್ನು ಹೊತ್ತ ಉದ್ದದ ಲಾರಿಗಳು ಅಡ್ಡ ಸಿಕ್ಕವು. “ಹಾರನ್ನು ಹೊಡೀರಿ! ಅದು ಎದಕ್ಕೈತೆ, ಪೂಜೆ ಮಾಡಾಕಾ?” ಎಂದು ಕಿಟಕಿಯಿಂದ ತಲೆ ಹೊರಹಾಕಿ ಆಕೆಯೇ ಕೂಗಿದಳು. ಲಾರಿಯವನು ಬೆಚ್ಚಿ ಪಕ್ಕಕ್ಕೆ ಸರಿದ.

ಹಿಂದೂಪುರದ ಸರ್ಕಲ್ಲಿನಲ್ಲಿ ಶಾಮಿಯಾನ, ಬ್ಯಾಂಡು, ಮೈಕು. ಮುಖ್ಯ ಅತಿಥಿ ಇನ್ನೂ ಬಂದಿರಲಿಲ್ಲ. ಶಿವಲಕ್ಷ್ಮಮ್ಮ ಚೊಂಬು ಹಿಡಿದು ನೆಟ್ಟಗೆ ಪ್ರತಿಮೆಯ ಹಿಂದಕ್ಕೆ ಹೋದಳು. ಅಲ್ಲಿ ಗೋಡೆ. ಗೋಡೆಗೂ ಪ್ರತಿಮೆಗೂ ಮಧ್ಯೆ ಕೈ ತೂರಿಸುವಷ್ಟೇ ಸಂದು. ತೂರಿಸಿದ ಬೆರಳಿಗೆ ಸಿಕ್ಕಿದ್ದು ಒರಟು ಸಿಮೆಂಟು, ಒಂದೆರಡು ಕಬ್ಬಿಣದ ಸಲಾಕೆ.

“ಯಾವನ್ಲಾ ಇದನ್ನ ಮಾಡಿದೋನು?”

ಪ್ರತಿಮೆಗಾರ ಪೆದ್ದಪ್ಪ ಕೈ ಒರೆಸಿಕೊಳ್ಳುತ್ತ ಬಂದ. “ನಾನೇ ತಾಯೀ, ನಾನೇ ತಲ್ಲೀ. ಗೋಡೆ ಕಡೆ ಯಾರು ನೋಡ್ತಾರೆ ಅಂತ ಹಂಗೇ ಬಿಟ್ಟೆ. ಎಷ್ಟೋ ಲೀಡರ್‌ಗಳ್ನ ನಿಲ್ಲಿಸಿವ್ನಿ, ಒಬ್ಬರಿಗೂ ಬೆನ್ನು ಮಾಡಿಲ್ಲ. ಕೇಳ್ದೋರೇ ಇಲ್ಲ.”

“ಅವರಿಗಿಲ್ದಿದ್ರೆ ನಂಗೇನು? ನಮ್ಮಣ್ಣಂಗಿತ್ತು! ಈಜೀ ಈಜೀ ಬಾಗಿಲಷ್ಟು ಅಗಲ ಆಗಿತ್ತು. ಎತ್ತು, ಈಚೆಗೆ ತಗಿ.”

“ಅಮ್ಮ, ಗೆಸ್ಟು ಬಂದ್ಬುಡ್ತಾರಮ್ಮ,” ಎಂದು ವಾಣಿಶ್ರೀ ತಲೆಯ ಮೇಲೆ ಕೈ ಹೊತ್ತಳು.

“ಬರ್ಲಿ ಬಿಡೇ. ಕುರ್ಚಿ ಹಾಕು, ಸೋಡಾ ಕೊಡು. ನಾನು ನೋಡಾಕೆ ಬಂದಿಲ್ಲ ಕಣೇ, ಬೆನ್ನು ತೊಳಿಯಾಕೆ ಬಂದಿವ್ನಿ.”

ಮಗಳಿಗೆ ಆಗ ನೆನಪಾಯಿತು, ತಾನು ನಕ್ಕು ಕೊಟ್ಟ ಮಾತು. ತಿರುಗಿ ಗಂಡನತ್ತ ಕೂಗಿದಳು: “ರೀ, ಕ್ರೇನಿನೋನು ಟೀ ಅಂಗಡೀಲವ್ನೆ, ಎಳ್ಕೊಂಡ್ಬನ್ನಿ!”

ಆಮೇಲೆ ನೋಡಬೇಕಿತ್ತು ಆ ಗಲಾಟೆ! ಪೀಠದ ಬೋಲ್ಟು ಬಿಚ್ಚಲು ಇಬ್ಬರು, ಹಗ್ಗ ಬಿಗಿಯಲು ನಾಲ್ವರು, ಪುಕ್ಕಟೆ ಬುದ್ಧಿ ಹೇಳಲು ಸರ್ಕಲ್ಲೇ ಸರ್ಕಲ್ಲು. ಕ್ರೇನು ಗುರ್ರೆಂದಿತು. ಕೇಶವ ಇಷ್ಟಿಷ್ಟೇ ನೆಲ ಬಿಟ್ಟ. “ಟೇಕಾಫ್!” ಎಂದು ಯಾರೋ ಅರಚಿದರು. ಬ್ಯಾಂಡಿನವರಿಗೆ ಏನು ತಿಳಿಯಿತೋ, ಬಾರಿಸಿಯೇಬಿಟ್ಟರು. ಪ್ರತಿಮೆ ಗಾಳಿಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿ, ಹಿಂದೆ ಆಳು ಓಡಾಡುವಷ್ಟು ಜಾಗ ಬಿಟ್ಟು, ಪೀಠದ ಮುಂಭಾಗದಲ್ಲಿ ಧಸಕ್ಕೆಂದು ಇಳಿಯಿತು.

ಪೆದ್ದಪ್ಪ ಏಣಿ ಹತ್ತಿ ಸಿಮೆಂಟು ಮೆತ್ತತೊಡಗಿದ.

“ಇನ್ನೂ ಅಗಲ.”

“ಇಷ್ಟಾ ತಲ್ಲೀ?”

“ಇನ್ನೂ ಕಣಪ್ಪ, ನಿನ್ನ ಗಂಟೇನು ಹೋಯ್ತದೆ? ಕತ್ತಿನ ಕೆಳಗೆ ಸ್ವಲ್ಪ ಉಬ್ಬಿಸು. ಆಂ, ಆಂ… ಸಾಕು.”

ಶಿವಲಕ್ಷ್ಮಮ್ಮ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಬಾವಿಯ ಮೆಟ್ಟಿಲ ಮೇಲೆ ತನಗೆ ಬೆನ್ನು ಹಾಕಿ ಕೂತು ತಲೆ ಒರೆಸಿಕೊಳ್ಳುತ್ತಿದ್ದವನು ಇವನೇ, ಇವನೇ!

ಅಷ್ಟರಲ್ಲಿ ಮುಂದೆ ಕಾರುಗಳು ಬಂದು ನಿಂತವು, ಪಟಾಕಿ ಸಿಡಿಯಿತು.

“ಅತ್ತೆ, ಹಸಿ ಐತೆ. ನಾಳೆ ತೊಳೀಬೋದು.”

“ನಾಳೆ ಪಂಚಮಿ ಇರ್ತದಾ? ಏಣಿ ಹಿಡ್ಕಳಿ.”

ಅಳಿಯ ಏಣಿ ಹಿಡಿದ, ಮಗಳು ಸೊಂಟ ಹಿಡಿದಳು. ಮುಂದೆ ಅತಿಥಿ ಹಾರ ಹಾಕಿದ, ಚಪ್ಪಾಳೆ ಬಿತ್ತು. ಹಿಂದೆ ಶಿವಲಕ್ಷ್ಮಮ್ಮ ಹಾಲಿನಲ್ಲಿ ಅದ್ದಿದ ಅಂಗೈಯನ್ನು ಅಣ್ಣನ ಬೆನ್ನಿಗೆ ಒತ್ತಿದಳು. “ತಣ್ಣಗಿರಪ್ಪ,” ಎಂದಳು. ಹಸಿ ಸಿಮೆಂಟಿನಲ್ಲಿ ಐದೂ ಬೆರಳು ಇಳಿದವು.

ಪೆದ್ದಪ್ಪ ಅದನ್ನು ಸವರಿ ಸಮ ಮಾಡಲು ಕರಣೆ ಎತ್ತಿದ.

“ಮುಟ್ಟಿದ್ರೆ ನೋಡು! ಇನ್ನೊಂದು ಸಲ ಬಾಕಿ ಐತೆ,” ಎನ್ನುತ್ತ ಆಕೆ ಮತ್ತೆ ಚೊಂಬಿಗೆ ಕೈ ಹಾಕಿದಳು.