ತೊಟ್ಟು ಕಿತ್ತ ಚೆರ್ರಿ

"ಅಷ್ಟು ರಾದ್ಧಾಂತ ಯಾಕೆ, ಒಂದು ಚೂರು ಜೆಲ್ಲಿ ತಾನೆ" ಎಂದು ನಮ್ಮ ಮನೆಮಂದಿಯೆಲ್ಲ ಈಗಲೂ ಅನ್ನುತ್ತಾರೆ. ಒಂದು ಚೂರು ಜೆಲ್ಲಿಯಂತೆ! ಆ ಜೆಲ್ಲಿ ಮಾಡಿದವಳು ನಾನು. ಅದರಲ್ಲಿ ಏನಿತ್ತು, ಯಾರಿಗಾಗಿ ಇತ್ತು, ಯಾರಿಗೆ ಇರಲಿಲ್ಲ ಎನ್ನುವುದು ನನಗೆ ಗೊತ್ತು. ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದರಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ನಮ್ಮ ಕಡೆ ಮದುವೆಯಿರಲಿ, ಹುಟ್ಟುಹಬ್ಬವಿರಲಿ, ಜಿಂಕೆ ಬೇಟೆಗೆ ಹೊರಡುವ ಮುನ್ನಾದಿನವಿರಲಿ, ಮದ್ಯ ಬೆರೆಸಿದ ಜೆಲ್ಲಿ, ಅದೇ ಜೆಲ್ಲಿ ಶಾಟ್, ಇಲ್ಲದೆ ಕೂಟವಿಲ್ಲ. ಬೇರೆಯವರು ಅಂಗಡಿಯ ಹಸಿರು ಪುಡಿಗೆ ಅಗ್ಗದ ವೋಡ್ಕಾ ಸುರಿದು ಕೈತೊಳೆದುಕೊಳ್ಳುತ್ತಾರೆ. ನಾನು ಹಾಗಲ್ಲ. ನಾನು ಮಾಡುವುದು ಬ್ರಾಂಡಿ ಓಲ್ಡ್ ಫ್ಯಾಷನ್ಡ್, ಸಿಹಿಯದ್ದು, ನಮ್ಮ ವಿಸ್ಕಾನ್ಸಿನ್‌ನವರು ಲೋಟದಲ್ಲಿ ಕುಡಿಯುವುದನ್ನೇ ಚಮಚದಲ್ಲಿ ನಿಲ್ಲುವ ಹಾಗೆ. ಹೊರಗಿನವರು ಅದಕ್ಕೆ ವಿಸ್ಕಿ ಹಾಕುತ್ತಾರಂತೆ. ಹಾಕಿಕೊಳ್ಳಲಿ, ಅವರ ಹಣೆಬರಹ.

ಕಿತ್ತಳೆ ಸಿಪ್ಪೆಯನ್ನು ಸಕ್ಕರೆ ಮತ್ತು ಬಿಟರ್ಸ್ ಎನ್ನುವ ಕಹಿ ಹನಿಗಳ ಜೊತೆ ಜಜ್ಜಬೇಕು. ಕುದಿವ ನೀರಿನಲ್ಲಿ ಜೆಲಾಟಿನ್ ಒಂದು ಕಾಳೂ ಉಳಿಯದಂತೆ ಕರಗಿಸಬೇಕು. ಆಮೇಲೆ ಕಾಯಬೇಕು. ಪಾತ್ರೆಯನ್ನು ಬರಿಗೈಯಲ್ಲಿ ಮುಟ್ಟುವಂತಾದ ಮೇಲೆಯೇ ಬ್ರಾಂಡಿ. ಕುದಿಯುವಾಗ ಸುರಿದರೆ ಅಮಲೇರುವುದು ಅಡುಗೆಮನೆಗೇ ಹೊರತು ನೆಂಟರಿಗಲ್ಲ. ಪುಟ್ಟ ಪ್ಲಾಸ್ಟಿಕ್ ಬಟ್ಟಲುಗಳಿಗೆ ಹುಯ್ದು ಫ್ರಿಜ್ಜಿನಲ್ಲಿಟ್ಟು, ಅರ್ಧ ಗಟ್ಟಿಯಾದಾಗ ಮೇಲೊಂದು ಚೆರ್ರಿ. ಮೊದಲೇ ಇಟ್ಟರೆ ಮುಳುಗಿ ತಳ ಸೇರುತ್ತದೆ.

ಆ ಚೆರ್ರಿಯದೇ ನಮ್ಮ ಮನೆಯ ಕಾನೂನು. ತೊಟ್ಟಿರುವ ಚೆರ್ರಿ ಇದ್ದರೆ ಬ್ರಾಂಡಿ ಇದೆ ಎಂದರ್ಥ. ತೊಟ್ಟಿಲ್ಲದಿದ್ದರೆ ಇಲ್ಲ, ಮಕ್ಕಳು ತಿನ್ನಬಹುದು. ಎರಡಕ್ಕೂ ಬೇರೆ ಬೇರೆ ಜಾಡಿ ತರುತ್ತೇನೆ. ಜೆಲ್ಲಿಯ ಬಣ್ಣ ಒಂದೇ, ಬಟ್ಟಲು ಒಂದೇ, ತೊಟ್ಟು ಮಾತ್ರ ಬೇರೆ. ನಮ್ಮ ಮನೆಯಲ್ಲಿ ಮಾತು ಬರುವ ಮೊದಲೇ ಮಕ್ಕಳಿಗೆ ಇದು ಬರುತ್ತದೆ.

ನನ್ನ ತಂಗಿ ಕೋನಿಯ ಗಂಡ ವರ್ನ್‌ಗೆ ಅರವತ್ತು ತುಂಬಿದ್ದು ಕಳೆದ ಅಕ್ಟೋಬರಿನಲ್ಲಿ. ಮಾಜಿ ಸೈನಿಕರ ಹಾಲ್ ಹಿಡಿದಿದ್ದರು. ಜೆಲ್ಲಿ ನನ್ನ ಪಾಲಿಗೆ ಬಂತು, ಎಂದಿನಂತೆ. ಹಿಂದಿನ ವಾರ ನನ್ನ ತಮ್ಮ ರೋಲಿ ಮನೆಗೆ ಬಂದ. ಅವನು ಕುಡಿತ ಬಿಟ್ಟು ಒಂದು ವರ್ಷ ಆಗುತ್ತಾ ಬಂದಿತ್ತು. ಹಿಂದಿನ ಜಿಂಕೆ ಬೇಟೆಯ ಕಾಲದಲ್ಲಿ ಹಾಡುಹಗಲೇ ಟ್ರಕ್ಕನ್ನು ಹಳ್ಳಕ್ಕೆ ಇಳಿಸಿ, ಬದುಕಿ ಎದ್ದು ಬಂದವನು, ಅಂದಿನಿಂದ ಚರ್ಚಿನ ನೆಲಮಾಳಿಗೆಯಲ್ಲಿ ತನ್ನಂಥವರ ಜೊತೆ ಕೂತು ಕೆಟ್ಟ ಕಾಫಿ ಕುಡಿಯುತ್ತಿದ್ದ. ನಮ್ಮಪ್ಪ ಕುಡಿದು ಕುಡಿದು ಹಳದಿಯಾಗಿ ಸತ್ತದ್ದನ್ನು ನೋಡಿದವಳು ನಾನು. ತಮ್ಮನಿಗೆ ಆ ಬಣ್ಣ ಬರುವುದು ಬೇಡ ಎನ್ನುವುದೊಂದೇ ನನ್ನ ಆಸೆ.

"ಅಕ್ಕಾ, ನಾನು ಬರಲ್ಲ ಅಂತಿದ್ದೆ" ಎಂದ ರೋಲಿ.

"ಬರಬೇಡ. ಯಾರ ಹಂಗು ನಿನಗೆ?"

"ಬರ್ದಿದ್ರೆ ಅಮ್ಮ ಬೇಜಾರು ಮಾಡ್ಕೋತಾಳೆ. ಬರ್ತೀನಿ. ಆದ್ರೆ ಮಕ್ಕಳ ತಟ್ಟೆಯಿಂದ ನಂಗೂ ಎರಡು ತೆಗೆದಿಡು. ಕೈಲಿ ಏನೂ ಇಲ್ದಿದ್ರೆ ಎಲ್ರೂ ನನ್ನನ್ನೇ ನೋಡ್ತಾರೆ."

"ತೊಟ್ಟಿಲ್ಲದ್ದು ನೋಡಿ ತಗೋ. ಅಷ್ಟೇ ಸಾಕು" ಎಂದೆ. ಅವನ ಬಟ್ಟಲುಗಳಿಗೆ ಕಹಿ ಹನಿಯನ್ನೂ ಹಾಕಲಿಲ್ಲ, ಅದರಲ್ಲೂ ಮದ್ಯವಿರುತ್ತದೆ. ಬ್ರಾಂಡಿಯ ಬದಲು ಸೇಬಿನ ರಸ, ಕಹಿಯ ಬದಲು ಲವಂಗ. ನನ್ನ ಮಾತು ನಂಬಿ ಅವನು ಆ ಹಾಲಿಗೆ ಬಂದ.

ಬಂದ ಗಳಿಗೆಯಿಂದ ವರ್ನ್‌ದು ಒಂದೇ ಸಮ. ಅವನು ಹೊಲದ ಯಂತ್ರ ಮಾರುವವನು, ಬಾಯಿ ಮುಚ್ಚಿ ಅಭ್ಯಾಸವಿಲ್ಲ.

"ಓ, ಪಾದ್ರಿಗಳು ಬಂದ್ರು! ಎಲ್ಲಾ ಎದ್ದು ನಿಂತ್ಕೊಳ್ರೋ! ಲೇ ಭಾವಮೈದ, ನೀನು ಕುಡಿಯೋದು ಬಿಟ್ಟ ಮೇಲೆ ಬಾರ್‌ನೋನು ಬಾಗಿಲು ಹಾಕೋದೊಂದು ಬಾಕಿ ಕಣೋ."

"ನನ್ನ ಪಾಲಿಂದೂ ನೀನೇ ಕುಡೀತಿದೀಯಲ್ಲ ಭಾವ, ಅವನಿಗೇನು ನಷ್ಟ?" ಎಂದ ರೋಲಿ.

ಎಲ್ಲರೂ ನಕ್ಕರು. ನಾನೂ ನಕ್ಕೆ. ವರ್ನ್ ಒಂದು ತೊಟ್ಟನ್ನು ಬಾಯಿಗೆ ಹಾಕಿಕೊಂಡು, ನಾಲಿಗೆಯಲ್ಲೇ ಗಂಟು ಹಾಕಿ ಹೊರತೆಗೆದು ತೋರಿಸಿದ. ಇದು ಅವನ ಮೂವತ್ತು ವರ್ಷದ ಹಳೆಯ ಚಮತ್ಕಾರ. ಹೆಂಗಸರು ದಾಕ್ಷಿಣ್ಯಕ್ಕೆ ಚಪ್ಪಾಳೆ ತಟ್ಟಿದರು. ನಾನು ಹ್ಯಾಮ್ ಬನ್ನುಗಳನ್ನು ಜೋಡಿಸಲು ಒಳಗೆ ಹೋದೆ.

ಹೊರಗೆ ಬಂದಾಗ ರೋಲಿ ಬಟ್ಟಲನ್ನು ಎತ್ತಿ ಗಲ್ಲದ ಹತ್ತಿರ ಹಿಡಿದಿದ್ದ. ನನ್ನ ಕಣ್ಣು ಮೊದಲು ಹೋದದ್ದು ಚೆರ್ರಿಯ ಮೇಲೆ. ತೊಟ್ಟಿರಲಿಲ್ಲ, ನಿಜ. ಆದರೆ ತೊಟ್ಟಿಲ್ಲದ ಜಾಡಿಯ ಹಣ್ಣಿಗೆ ನೆತ್ತಿಯಲ್ಲಿ ಬೀಜ ತೆಗೆದ ದುಂಡನೆಯ ತೂತಿರುತ್ತದೆ. ಇದರ ನೆತ್ತಿ ಹರಿದು ಸಿಪ್ಪೆ ಎದ್ದಿತ್ತು. ಯಾರೋ ಕಿತ್ತಿದ್ದರು.

"ರೋಲಿ, ಕೆಳಗಿಡು!"

ನನ್ನ ಗಂಟಲು ಅಷ್ಟು ದೊಡ್ಡದು ಎಂದು ನನಗೇ ಗೊತ್ತಿರಲಿಲ್ಲ. ರೋಲಿ ಬಟ್ಟಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ವರ್ನ್‌ನ ತಟ್ಟೆಯ ಅಂಚಿನಲ್ಲಿ ಗಂಟು ಹಾಕಿದ ತೊಟ್ಟೊಂದಿತ್ತು. ಅದರ ಪಕ್ಕದಲ್ಲಿ ಗಂಟಿಲ್ಲದ ತೊಟ್ಟೊಂದು, ತುದಿಗೆ ಇನ್ನೂ ಕೆಂಪು ಸಿಪ್ಪೆ ಅಂಟಿತ್ತು.

"ಇದು ನೀನು ಮಾಡಿದ್ದಾ?"

"ಅಯ್ಯೋ ಅತ್ತಿಗೆ, ತಮಾಷೆಗೆ ಮಾರಾಯ್ತಿ! ಒಂದು ಚೂರು ಜೆಲ್ಲಿ. ಅವನಿಗೆ ಗೊತ್ತೂ ಆಗ್ತಿರ್ಲಿಲ್ಲ."

"ಗೊತ್ತಾಗದ ಹಾಗೆ ತಿನ್ಸೋದು ತಮಾಷೆನಾ? ಇಲಿಗೆ ಪಾಷಾಣ ಇಡೋದೂ ಹಂಗೇ ಕಣಯ್ಯ!"

"ಅಕ್ಕಾ, ಸಾಕು ಮಾಡು" ಎಂದಳು ಕೋನಿ. ಅವಳ ಮುಖ ಕೆಂಪಾಗಿತ್ತು, ಆದರೆ ಅದು ಗಂಡನ ಮೇಲಿನ ಕೋಪಕ್ಕಲ್ಲ. "ಅವರಿಗೆ ಅರವತ್ತಾಗೋದು ಒಂದೇ ಸಲ. ಇವತ್ತೇ ಬೇಕಿತ್ತಾ ನಿಂಗೆ?"

"ಅವನಿಗೇ ಇವತ್ತು ಬೇಕಾಗಿತ್ತಲ್ಲ! ಕಂಡವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋನು ನಿನ್ನ ಗಂಡ. ಇಲ್ಲಿ ಇಷ್ಟು ಜನ ಕೂತಿದೀರಲ್ಲ, ಯಾರೂ ನೋಡ್ಲಿಲ್ವಾ?"

ನನ್ನ ಚಿಕ್ಕಪ್ಪನ ಮಕ್ಕಳು, ಅವರ ಹೆಂಡಂದಿರು, ಎಲ್ಲರಿಗೂ ಆ ಹೊತ್ತಿಗೆ ಸರಿಯಾಗಿ ಆಲೂಗಡ್ಡೆ ಸಲಾಡ್ ಬಹಳ ರುಚಿಸಿಬಿಟ್ಟಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಆ ಚೆಲ್ಲಾಟವನ್ನು ಕೂತು ನೋಡುವವರಿಗೆ ಏನನ್ನಬೇಕೋ ನನಗೆ ತಿಳಿಯದು.

ರೋಲಿಯ ಪಕ್ಕದಲ್ಲೇ ನಮ್ಮಮ್ಮ ಕೂತಿದ್ದಳು. "ಕೂತ್ಕೊಳೇ ಆರ್ಲಿಸ್" ಎಂದು ನನ್ನ ತೋಳನ್ನು ಜಗ್ಗಿದಳು. "ಎಲ್ರೂ ನೋಡ್ತಿದಾರೆ."

"ಈಗ ನೋಡ್ತಿದಾರಾ? ಆಗ ಕಣ್ಣು ಎಲ್ಲಿಟ್ಟಿದ್ರು?"

ರೋಲಿ ಎದ್ದ. ಟೋಪಿ ಹಾಕಿಕೊಂಡು, "ಭಾವ, ಹುಟ್ಟುಹಬ್ಬದ ಶುಭಾಶಯ" ಎಂದು ಹೇಳಿ ಬಾಗಿಲ ಕಡೆ ನಡೆದ. ನಾನು ಉಳಿದ ಜೆಲ್ಲಿಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಅವನ ಹಿಂದೆ ಹೋದೆ. "ಅದನ್ಯಾಕೆ ತಗೊಂಡ್ ಹೋಗ್ತೀಯ ಅತ್ತಿಗೆ!" ಎಂದು ವರ್ನ್ ಕೂಗಿದ. ಅವನಿಗೆ ಆ ದಿನ ನಿಜವಾಗಿ ನೋವಾದದ್ದು ಅದೊಂದಕ್ಕೇ.

ಟ್ರಕ್ಕಿನಲ್ಲಿ ಕೂತ ಮೇಲೂ ರೋಲಿ ಗಾಡಿ ಶುರು ಮಾಡಲಿಲ್ಲ. ಹೊರಗೆ ಒಳ್ಳೆಯ ಬಿಸಿಲಿತ್ತು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ.

"ನಂಗೆ ಗೊತ್ತಿತ್ತು ಅಕ್ಕಾ."

"ಏನು ಗೊತ್ತಿತ್ತು?"

"ಕಾಫಿ ತರೋಕೆ ಎದ್ದು ಹೋಗಿ ವಾಪಸ್ ಬಂದೆ. ಕೂರೋಕೆ ಮುಂಚೆನೇ ವಾಸನೆ ಬಂತು. ಬ್ರಾಂಡಿ ವಾಸನೆ ನಂಗೆ ಪಕ್ಕದ ಊರಿಂದ ಬಂದ್ರೂ ಗೊತ್ತಾಗತ್ತೆ."

"ಮತ್ತೆ ಯಾಕೋ ಎತ್ತಿದೆ?"

"ಅಮ್ಮ ತಟ್ಟೆನ ನನ್ನ ಕಡೆ ತಳ್ಳಿದ್ಲು. 'ತಿನ್ನೋ ಮಗ, ಒಂದೇ ದಿನ ತಾನೆ' ಅಂದ್ಲು. ಬರೀ ಜೆಲ್ಲಿ ತಿನ್ನೋಕೆ ಯಾರಾದ್ರೂ ಒಂದೇ ದಿನ ಅಂತಾರಾ ಅಕ್ಕಾ?"

ನಾನು ತೊಡೆಯ ಮೇಲಿದ್ದ ತಟ್ಟೆಗಳನ್ನು ಕಾಲ ಬಳಿ ಇಳಿಸಿದೆ.

"'ಮೊದಲಿನ ಹಾಗೆ ಇರೋ, ನೆಂಟರ ಥರ ಕೂತಿದೀಯ' ಅಂದ್ಲು. ನಾನು ಎಲ್ರ ಮುಖ ನೋಡ್ದೆ. ಒಬ್ರಾದ್ರೂ ಬೇಡ ಅಂತಾರೇನೋ ಅಂತ. ಯಾರೂ ಅನ್ಲಿಲ್ಲ. ಆಮೇಲೆ ಕೈ ತಾನಾಗೇ ಎತ್ತಿತು."

"ತಿಂತಿದ್ಯಾ?"

"ಗೊತ್ತಿಲ್ಲ. ಅದೇ ಭಯ" ಎಂದ. ಐವತ್ತು ದಾಟಿದ ನನ್ನ ತಮ್ಮ ಅಳುತ್ತಿದ್ದ. ನಾನು ಬಾಗಿಲು ತೆಗೆದು ತೊಟ್ಟಿರುವ ಜೆಲ್ಲಿಯನ್ನೆಲ್ಲ ಚರಂಡಿಗೆ ಸುರಿದು ಬಂದೆ. ಒಳ್ಳೆಯ ಬ್ರಾಂಡಿ. ಒಂದು ಹನಿಗೂ ಮರುಗಲಿಲ್ಲ.

ವರ್ನ್ ಮೇಲಿನ ಕೋಪ ಒಂದು ತೆರನಾದದ್ದು, ನಾಯಿ ಬೊಗಳಿತು ಅಂದುಕೊಂಡು ಮರೆಯಬಹುದು. ಅಮ್ಮನ ಮೇಲಿನದು ಮರೆಯುವಂಥದ್ದಲ್ಲ. ಗಂಡನನ್ನು ಇದೇ ಬಾಟಲಿಗೆ ಕಳೆದುಕೊಂಡವಳು! ಅವಳ ಲೆಕ್ಕದಲ್ಲಿ ಗಂಡಸೆಂದರೆ ಕುಡಿದು ನಗುವವನು. ಕುಡಿಯದೆ ಕೂತ ಮಗ ಅವಳಿಗೆ ಪರಕೀಯ. ಮಗ ಬದುಕಿರುವುದಕ್ಕಿಂತ ಮೊದಲಿನ ಹಾಗಿರುವುದು ಅವಳಿಗೆ ಮುಖ್ಯವಾಯಿತು. ನನಗೆ ಅವಳ ದುಃಖ ಅರ್ಥವಾಗುತ್ತದೆ. ಆದರೂ ಕ್ಷಮಿಸಲು ಆಗಲಿಲ್ಲ.

ಚಳಿಗಾಲವಿಡೀ ನಾವು ಮಾತಾಡಲಿಲ್ಲ. ಫೆಬ್ರವರಿಯ ಕೊನೆಗೆ ಅಮ್ಮನೇ ಫೋನ್ ಮಾಡಿದಳು.

"ನನ್ನ ಹುಟ್ಟುಹಬ್ಬಕ್ಕೆ ನಿನ್ನ ಜೆಲ್ಲಿ ಬೇಕು ಕಣೆ. ಬ್ರಾಂಡಿ ಹಾಕೋವಾಗ ಜಿಪುಣಿ ಆಗ್ಬೇಡ."

"ರೋಲಿ?"

"ಅವನನ್ನೂ ಕರ್ಕೊಂಡ್ ಬಾ. ಆವತ್ತಿಂದು ಬಿಟ್ಹಾಕು. ವಯಸ್ಸಾದವಳ ಮನೆಗೆ ಮುಖ ಊದಿಸ್ಕೊಂಡು ಬರ್ಬೇಡಿ."

"ಆಗ್ಲಿ ಅಮ್ಮ" ಎಂದೆ.

ಆ ಸಲ ಬ್ರಾಂಡಿ ಬಾಟಲಿ ಕಪಾಟಿನಿಂದ ಕೆಳಗಿಳಿಯಲಿಲ್ಲ. ಸೇಬಿನ ರಸ, ಲವಂಗ, ಕಿತ್ತಳೆ ಸಿಪ್ಪೆ, ಅಷ್ಟೇ. ಅರ್ಧ ಗಟ್ಟಿಯಾದಾಗ ಜಾಡಿ ತೆರೆದು ಪ್ರತಿಯೊಂದಕ್ಕೂ ಉದ್ದನೆಯ ತೊಟ್ಟಿರುವ ಚೆರ್ರಿಯನ್ನೇ ಇಟ್ಟೆ. ದಾರಿಯಲ್ಲಿ ರೋಲಿ ತಟ್ಟೆಯ ಮುಚ್ಚಳ ಎತ್ತಿ ನೋಡಿ ಗಾಬರಿಯಾದ.

"ಎಲ್ಲದಕ್ಕೂ ತೊಟ್ಟಿದೆಯಲ್ಲ ಅಕ್ಕಾ!"

"ಯಾವುದರಲ್ಲೂ ಏನೂ ಇಲ್ಲ. ಬೇಕಾದಷ್ಟು ತಿನ್ನು."

"ಮತ್ತೆ ತೊಟ್ಟು ಯಾಕೆ?"

"ಅದು ನಿನಗಲ್ಲ."

ಅಮ್ಮನ ಮನೆಯ ಮೇಜಿನ ಸುತ್ತ ಅದೇ ಜನ. ಕೋನಿ ನನ್ನ ಕಡೆ ನೋಡಲಿಲ್ಲ. ವರ್ನ್ "ಬಂತಪ್ಪ ಪ್ರಸಾದ!" ಎಂದು ಕೈ ಉಜ್ಜಿಕೊಂಡ. ನಾನು ತಟ್ಟೆಯನ್ನು ನಡುವೆ ಇಟ್ಟೆ. ಮೊದಲು ಕೈ ಹಾಕಿದವನು ರೋಲಿ. ಒಂದು ಬಟ್ಟಲು ಎತ್ತಿ, ಚೆರ್ರಿಯ ತೊಟ್ಟನ್ನು ಎರಡು ಬೆರಳಲ್ಲಿ ಹಿಡಿದ.

ಎಲ್ಲರ ಕಣ್ಣೂ ಆ ತೊಟ್ಟಿನ ಮೇಲೆ. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ನನ್ನಾಣೆ, ನಾನು ಸೋಲಲು ಸಿದ್ಧಳಿದ್ದೆ. ಒಬ್ಬರು, ಒಬ್ಬೇ ಒಬ್ಬರು "ಬೇಡ ಕಣೋ" ಅಂದಿದ್ದರೆ ಅವರ ಕಾಲು ಹಿಡಿದು ಎಲ್ಲವನ್ನೂ ಮರೆಯುತ್ತಿದ್ದೆ. ಕೋನಿ ಮಡಿಲಲ್ಲಿದ್ದ ಕಾಗದದ ಕರವಸ್ತ್ರವನ್ನು ಮಡಚಿದಳು. ವರ್ನ್ ಪಕ್ಕದವನಿಗೆ ಮೊಣಕೈಯಿಂದ ತಿವಿದ. ಅಮ್ಮ ಮಗನನ್ನೇ ನೋಡುತ್ತಿದ್ದಳು, ಉಸಿರು ಬಿಗಿಹಿಡಿದು.

ರೋಲಿ ತಿಂದ. ವರ್ನ್ ಮೇಜು ಕುಟ್ಟಿದ. "ಭಲೇ! ಸನ್ಯಾಸ ಮುಗೀತು!"

ಅಮ್ಮನ ಕಣ್ಣಲ್ಲಿ ನೀರು. ಅವಳು ಎರಡೂ ಕೈಯಿಂದ ಅವನ ಕೆನ್ನೆ ಹಿಡಿದಳು. "ನೋಡ್ರೇ, ನನ್ನ ಮಗ ವಾಪಸ್ ಬಂದ" ಎಂದಳು. ಅಷ್ಟು ಸಂತೋಷ ಅವಳ ಮುಖದಲ್ಲಿ ನಾನು ಅಪ್ಪ ಹೋದ ಮೇಲೆ ನೋಡಿರಲಿಲ್ಲ. ಆ ಸಂತೋಷದಲ್ಲೇ ತಾನೂ ಒಂದು ಬಟ್ಟಲು ತೆಗೆದುಕೊಂಡು ಒಂದು ಚಮಚ ಬಾಯಿಗೆ ಹಾಕಿಕೊಂಡಳು. ಜಗಿದಳು. ಜಗಿಯುವುದು ನಿಧಾನವಾಯಿತು.

"ಇದ್ರಲ್ಲಿ ಏನೂ ಇಲ್ವಲ್ಲೇ?"

ವರ್ನ್ ಇನ್ನೊಂದನ್ನು ನುಂಗಿ ಮುಖ ಹುಳ್ಳಗೆ ಮಾಡಿದ. "ಥೂ, ಸೇಬಿನ ನೀರು!"

"ಹೌದು" ಎಂದೆ.

"ನನ್ನ ಹುಟ್ಟುಹಬ್ಬಕ್ಕೆ ಹೀಗಾ ಮಾಡೋದು ಆರ್ಲಿಸ್?"

"ಒಂದೇ ದಿನ ತಾನೆ ಅಮ್ಮ" ಎಂದೆ.

ಅವಳ ಕೈಗಳು ರೋಲಿಯ ಕೆನ್ನೆಯಿಂದ ಜಾರಿದ್ದು ಯಾವಾಗಲೋ ಏನೋ, ಈಗ ಮಡಿಲಲ್ಲಿದ್ದವು. ನನ್ನನ್ನು ನೋಡಿದಳು, ಅವನನ್ನು ನೋಡಿದಳು. ಅವಳಿಗೆ ಅರ್ಥವಾಯಿತು. ಮೇಜಿನಲ್ಲಿ ಉಳಿದವರಿಗೂ ಆಯಿತು, ಏಕೆಂದರೆ ಈ ಸಲ ಯಾರಿಗೂ ಸಲಾಡ್ ರುಚಿಸಲಿಲ್ಲ.

ರೋಲಿ ಮಾತ್ರ ತಾಯಿಯ ಮುಂದಿದ್ದ ಅರ್ಧ ತಿಂದ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡ.

"ನಿನಗೆ ಬೇಡ್ವಾ ಅಮ್ಮ? ಹಾಗಾದ್ರೆ ನಾನೇ ತಿಂತೀನಿ" ಎಂದು ಚಮಚ ಹಾಕಿದ.